ಅನ್ನ ಬರುವವರೆಗೆ

ಊಟಕ್ಕೆ ಕೂರುವುದನ್ನು ನನಗೆ ಯಾರಾದರೂ ಕಲಿಸಬೇಕೇ? ಮೈಸೂರಿನ ಮದುವೆ ಪಂಕ್ತಿಗಳಲ್ಲೇ ಬೆಳೆದವನು ನಾನು. ಹಾಗಾಗಿ, ವಾಷಿಂಗ್ಟನ್ನಿನಲ್ಲಿ ಜಪಾನೀ ಹಿರಿಯರೊಬ್ಬರು ನನ್ನನ್ನೂ ಹೆಂಡತಿ ವಿಮಲಳನ್ನೂ ತಮ್ಮ ಸಾಂಪ್ರದಾಯಿಕ ಭೋಜನಕ್ಕೆ ಕರೆದಿದ್ದಾರೆಂದು ಬಾಸ್ ಹೇಳಿದಾಗ ನಾನು ಕಿಂಚಿತ್ತೂ ಹೆದರಲಿಲ್ಲ. ಹೆದರಿದವರು ಬಾಸ್!

ಅದಕ್ಕೆ ಕಾರಣವಿತ್ತು. ಅದು ತೊಂಬತ್ತರ ದಶಕದ ಕೊನೆ. ಇಸವಿ ಎರಡು ಸಾವಿರ ಬಂದೊಡನೆ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಕೂರುತ್ತವೆಂಬ ಭಯವೇ ನಮ್ಮಂಥವರ ಹೊಟ್ಟೆ ತುಂಬಿಸುತ್ತಿತ್ತು. ತನಾಬೆ ಎಂಬ ಆ ಹಿರಿಯರು ತಮ್ಮ ಕಂಪನಿಯ ಕಂಪ್ಯೂಟರುಗಳನ್ನು ನಮಗೆ ಒಪ್ಪಿಸಿದರೆ ನನಗೆ ಕೆಲಸ. ಕೆಲಸವಿದ್ದರೆ ವೀಸಾ. ಇಲ್ಲವಾದರೆ ನಾವಿದ್ದ ಸುವಾನಿ ಎಂಬ ಊರಿನ ಅಪಾರ್ಟ್‌ಮೆಂಟ್ ಖಾಲಿ ಮಾಡಿ ಗಂಟುಮೂಟೆ ಕಟ್ಟುವುದೊಂದೇ ದಾರಿ.

ಜಪಾನೀಯರು ಎರಡು ಕಡ್ಡಿಗಳಲ್ಲಿ ತಿನ್ನುತ್ತಾರೆಂದು ಕೇಳಿದ್ದೆ, ಹಾಗಾಗಿ ಎರಡು ಪೆನ್ಸಿಲ್ ಹಿಡಿದು ಕಡಲೆಬೀಜ ಎತ್ತುವುದನ್ನು ಅಭ್ಯಾಸ ಮಾಡಿದೆ. ಅರ್ಧ ಬೀಜಗಳು ಸೋಫಾದ ಕೆಳಗೆ ಹೋದವು, ಉಳಿದರ್ಧ ನನ್ನ ಹೊಟ್ಟೆಗೆ ಸೇರಿದವು. ತಯಾರಿ ಮುಗಿಯಿತೆಂದು ಘೋಷಿಸಿದೆ.

"ಮೇಲಿನ ಮನೆ ಅಂಕಲ್ ಜಪಾನ್‌ಗೆ ಹೋಗ್ಬಂದಿದಾರೆ. ಒಂದ್ಸಲ ಕೇಳ್ಕೊಂಡ್ ಬನ್ನಿ ರೀ," ಎಂದಳು ವಿಮಲ.

"ಊಟ ಮಾಡಕ್ಕೆ ಟ್ರೈನಿಂಗ್ ತಗೋಬೇಕಾ?" ಎಂದೆ. ಆ ಮಾತನ್ನು ಆಕೆ ಇವತ್ತಿಗೂ ಮರೆತಿಲ್ಲ.

ವಾಷಿಂಗ್ಟನ್ನಿನ ಆ ಹೋಟೆಲಿನಲ್ಲಿ ಚಾಪೆ ಹಾಸಿದ ಕೋಣೆ, ಗಿಡ್ಡ ಮೇಜು. ನಾವು ಸಸ್ಯಾಹಾರಿಗಳೆಂದು ತಿಳಿದು ತನಾಬೆಯವರು ಅವರ ದೇವಸ್ಥಾನಗಳ ಪದ್ಧತಿಯ ಅಡುಗೆ ಹೇಳಿ ಮಾಡಿಸಿದ್ದರು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೊಡನೆ ನನಗೆ ತವರಿಗೆ ಬಂದಂತಾಯಿತು. ಎಲೆ ಮಾತ್ರ ಇರಲಿಲ್ಲ.

ಕಿಮೋನೋ ಉಟ್ಟ ಹೆಂಗಸು ಪುಟ್ಟ ತಟ್ಟೆಯಲ್ಲಿ ಒಂದು ಚಿಟಿಕೆ ಸೊಪ್ಪು, ಮೇಲೆ ಎಳ್ಳು ಇಟ್ಟು ಹೋದಳು. ನನಗೆ ತಕ್ಷಣ ಅರ್ಥವಾಯಿತು. ಇದು ಎಲೆಯ ತುದಿಗೆ ಬಡಿಸುವ ಕೋಸಂಬರಿ! ಇನ್ನು ಪಲ್ಯ ಬರಬೇಕು, ಅನ್ನ ಬರಬೇಕು, ತೊವ್ವೆ ಬೀಳಬೇಕು, ಹಿರಿಯರು ಶುರು ಮಾಡಬೇಕು. ಅಲ್ಲಿಯವರೆಗೆ ಕೈಯಿಡುವವನು ಹೊಟ್ಟೆಬಾಕ. ನಾನು ಕೈಕಟ್ಟಿ ಕೂತೆ. ತನಾಬೆಯವರೂ ಕೈಕಟ್ಟಿ ಕೂತರು.

"ಅವರೂ ತಿಂತಿಲ್ವಲ್ರೀ," ಎಂದು ವಿಮಲ ಪಿಸುಗುಟ್ಟಿದಳು.

"ನೋಡ್ದ್ಯಾ, ಅವರಿಗೂ ಸಂಪ್ರದಾಯ ಗೊತ್ತು," ಎಂದೆ.

ಗೊತ್ತಿತ್ತು ನಿಜ. ಅತಿಥಿ ಮೊದಲು ತಿನ್ನದೆ ಮನೆಯ ಯಜಮಾನ ಮುಟ್ಟಬಾರದೆಂಬುದು ಅವರ ಸಂಪ್ರದಾಯವಂತೆ. ಅನ್ನ ಬೀಳದೆ ಅತಿಥಿ ಮುಟ್ಟಬಾರದೆಂಬುದು ನನ್ನದು. ಎರಡು ಮಹಾನ್ ಸಂಸ್ಕೃತಿಗಳು ಒಂದು ಚಿಟಿಕೆ ಸೊಪ್ಪಿನ ಮುಂದೆ ಕಲ್ಲಿನಂತೆ ಕೂತುಬಿಟ್ಟವು.

ಬಡಿಸುವಾಕೆ ಇಣುಕಿ ನೋಡಿ ಕಂಗಾಲಾಗಿ, ಕೊನೆಗೆ ಮುಂದಿನ ಬಟ್ಟಲನ್ನೂ ತಂದಿಟ್ಟಳು. ತಿಳಿಸಾರು. ಅನ್ನಕ್ಕೆ ಬೇಕಾಗುತ್ತದೆಂದು ಮುಚ್ಚಳ ತೆಗೆಯದೆ ಜೋಪಾನವಾಗಿಟ್ಟೆ. ಆಮೇಲೆ ಬದನೆಕಾಯಿ ಬಂತು, ಬೋಂಡದಂಥದ್ದೇನೋ ಬಂತು. ಎಲ್ಲವೂ ಬಿಸಿಯಾಗಿ ಬಂದು ನನ್ನ ಶಿಸ್ತಿನ ಮುಂದೆ ತಣ್ಣಗಾದವು. ತನಾಬೆಯವರು ದಯವಿಟ್ಟು ಶುರುಮಾಡಿ ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡರು. ಛೇ, ಹಿರಿಯರು ನೀವು, ಮೊದಲು ನೀವು ಎಂದು ನಾನೂ ತಲೆಬಾಗಿದೆ. ಅವರ ಹೊಟ್ಟೆ ಗುರ್ ಎಂದಿತು. ಮೂವರೂ ಕೇಳಿಸದವರಂತೆ ಗೋಡೆ ನೋಡಿದೆವು.

"ನಂಗೆ ತಲೆ ಸುತ್ತಾ ಇದೆ. ನಿಮ್ಮ ಸಂಪ್ರದಾಯ ನೀವೇ ಇಟ್ಕೊಳಿ," ಎಂದ ವಿಮಲ ಬೋಂಡವನ್ನು ಕೈಯಲ್ಲೇ ಎತ್ತಿ ಬಾಯಿಗೆ ಹಾಕಿಕೊಂಡಳು.

ವೀಸಾ ಹೋಯಿತು ಎಂದುಕೊಂಡೆ. ತನಾಬೆಯವರು ಆಕೆಗೆ ಹಣೆ ಮೇಜಿಗೆ ತಾಗುವಷ್ಟು ಬಾಗಿ ನಮಿಸಿ, ಆ ವಯಸ್ಸಿಗೆ ಒಪ್ಪದ ವೇಗದಲ್ಲಿ ತಟ್ಟೆಗಳನ್ನು ಖಾಲಿ ಮಾಡತೊಡಗಿದರು. ನಾನು ಎಲ್ಲವನ್ನೂ ಬರೀ ರುಚಿ ನೋಡಿ ಬಿಟ್ಟೆ. ಹೊಟ್ಟೆಯಲ್ಲಿ ಅನ್ನಕ್ಕೆ ಜಾಗ ಬೇಡವೇ?

ಕೊನೆಗೂ ಅನ್ನ ಬಂತು, ಜೊತೆಗೆ ಉಪ್ಪಿನಕಾಯಿ! ಊಟ ಈಗ ಶುರುವೆಂದು ಅಂಗಿಯ ತೋಳು ಮಡಿಸಿದೆ. ತಣ್ಣಗಿನ ತಿಳಿಸಾರು ಸುರಿದು, ಕೈಯಲ್ಲೇ ಕಲಸಿ ಉಂಡೆ. ಇನ್ನೊಂದು ಬಟ್ಟಲು ಕೇಳಿದೆ, ಮತ್ತೊಂದು ಕೇಳಿದೆ. ಮೊಸರಿದೆಯೇ ಎಂದೂ ವಿಚಾರಿಸಿದೆ. ತನಾಬೆಯವರು ಕಡ್ಡಿ ಕೆಳಗಿಟ್ಟು ಎಷ್ಟೋ ಹೊತ್ತಾಗಿತ್ತು. ಅವರಲ್ಲಿ ಅನ್ನ ಬಂತೆಂದರೆ ಊಟ ಮುಗಿಯಿತೆಂದು ಅರ್ಥವಂತೆ. ಬಡಿಸುವಾಕೆ ಕಡೆಗೆ ಅನ್ನದ ಪಾತ್ರೆಯನ್ನೇ ತಂದು, ಬಗ್ಗಿಸಿ, ಅದರ ತಳ ತೋರಿಸಿದಳು.

ನಾವು ತಂಗಿದ್ದ ಹೋಟೆಲ್ ರೂಮಿಗೆ ಬಂದು ಸೂಟ್‌ಕೇಸುಗಳನ್ನೇ ನೋಡುತ್ತಾ ಕೂತೆ. ಸುವಾನಿಯ ಮನೆಯಲ್ಲಿ ಮಾರಬೇಕಾದ ಸಾಮಾನುಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಿಜ ಹೇಳುತ್ತೇನೆ, ಅಳು ಬಂತು. ವಿಮಲ ತನ್ನ ಕರವಸ್ತ್ರ ಕೊಟ್ಟಳು. ಆಕೆ ಬೈಯುವ ಬದಲು ಕರವಸ್ತ್ರ ಕೊಟ್ಟಳೆಂದರೆ ಪರಿಸ್ಥಿತಿ ಕೈಮೀರಿದೆ ಎಂದರ್ಥ.

ಬೆಳಿಗ್ಗೆ ಬಾಸ್ ಫೋನ್ ಮಾಡಿದರು. ಕಾಂಟ್ರಾಕ್ಟ್ ಸಿಕ್ಕಿದೆ! ಕಣ್ಣೆದುರಿಗೆ ಊಟವಿದ್ದರೂ ಅಷ್ಟು ಹೊತ್ತು ಅಲುಗದೆ ಕಾಯಬಲ್ಲ ಮನುಷ್ಯನನ್ನು ತನಾಬೆಯವರು ಜನ್ಮದಲ್ಲೇ ಕಂಡಿರಲಿಲ್ಲವಂತೆ. ಅದಕ್ಕೇ ನನಗೆ ತಕ್ಕ ಹುದ್ದೆಯನ್ನು ಅವರೇ ಆರಿಸಿದ್ದರು. ವಾಷಿಂಗ್ಟನ್ನಿನ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಕಂಪ್ಯೂಟರುಗಳ ಮುಂದೆ ಕೂತು, ಎರಡು ಸಾವಿರದ ಇಸವಿ ಬಂದಾಗ ಏನಾದರೂ ಕೆಡುತ್ತದೆಯೇ ಎಂದು ಕಾಯುವುದು.

ಕಾದೆ. ಎರಡು ಸಾವಿರದ ಇಸವಿಯೂ ಬಂತು. ಏನೂ ಕೆಡಲಿಲ್ಲ, ನಾನು ಮುಟ್ಟಿದ್ದ ಪ್ರಿಂಟರೊಂದನ್ನು ಬಿಟ್ಟು.