ಗೇಟಿನ ಮುಂದೆ ಶಕ್ತಿಸಂಚಯ

ನನ್ನ ಮಗಳು ಒಂದು ಕಾಲುಚೀಲ ಹಾಕಿಕೊಳ್ಳಲು ಸಮಸ್ತ ಬ್ರಹ್ಮಾಂಡದ ಶಕ್ತಿಯನ್ನು ಆವಾಹನೆ ಮಾಡುತ್ತಾಳೆ. ಕಾಲು ಅಗಲಿಸಿ ನಿಂತು, ಮುಷ್ಟಿ ಬಿಗಿದು, ಕಣ್ಣು ಮುಚ್ಚಿ "ಹಾ...ಆ...ಆ..." ಎಂದು ಮನೆ ಅದುರುವಂತೆ ಕೂಗಬೇಕು. ಎರಡನೆಯ ಕಾಲುಚೀಲಕ್ಕೆ ಮತ್ತೆ ಮೊದಲಿನಿಂದ. (ಸದ್ಯ, ದೇವರು ಎರಡೇ ಕಾಲು ಕೊಟ್ಟಿದ್ದಾನೆ.)

ಇದಕ್ಕೆಲ್ಲ ಅವಳಪ್ಪನೇ ಮೂಲಪುರುಷ. ಊರಿನ ಲಿಫ್ಟ್‌ಗಳನ್ನೆಲ್ಲ ರಿಪೇರಿ ಮಾಡುವ ಈ ಮನುಷ್ಯನಿಗೆ, ಚಿಕ್ಕಂದಿನಲ್ಲಿ ನೋಡಿದ್ದ ಜಪಾನಿನ ಕಾದಾಟದ ಕಾರ್ಟೂನ್ ಸರಣಿಯೊಂದು ಫೋನಿನಲ್ಲಿ ಸಿಕ್ಕಿಬಿಟ್ಟಿತು. ಗುರು, ಶಿಷ್ಯ, ಪಟ್ಟು, ಸೇಡು, ಮತ್ತೆ ಗುರು. ಅಪ್ಪ, ಮಗಳು ಒಂದೇ ದಿಂಬಿಗೆ ಒರಗಿ ನೋಡಿದ್ದೇ ನೋಡಿದ್ದು. ಮಗಳಿಗೆ ಮೊದಲೇ 'ಪಟಾಕಿ' ಎಂದು ಅಡ್ಡಹೆಸರು. ಈಗ ಬತ್ತಿಯೂ ಸಿಕ್ಕಿತು.

ಬೇರೆ ಕಾಲದಲ್ಲಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಹೆರಿಗೆಗೆಂದು ಬಿಟ್ಟಿದ್ದ ಕೆಲಸಕ್ಕೆ ಕನ್ನಡಕದ ಅಂಗಡಿಯ ಮಾಲೀಕರು ಮತ್ತೆ ಕರೆದಿದ್ದರು. "ಬರೋ ಸೋಮವಾರ ಬಂದ್ರೆ ಕಣ್ಣು ಪರೀಕ್ಷೆ ಕುರ್ಚಿ ನಿಮ್ದೇ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತಮ್ಮ" ಎಂದಿದ್ದರು. ಪಟಾಕಿಯೋ, ಶಿಶುವಿಹಾರದ ಗೇಟು ಕಂಡೊಡನೆ ನನ್ನ ಕಾಲಿಗೆ ಬಳ್ಳಿಯಂತೆ ಸುತ್ತಿಕೊಳ್ಳುತ್ತಿದ್ದಳು. ದಿನವೂ ಅವಳನ್ನು ಕಾಲಿಗೆ ಕಟ್ಟಿಕೊಂಡೇ ಮನೆಗೆ ವಾಪಸು. ಅವಳು ಒಳಗೆ ಹೋಗದಿದ್ದರೆ ಕುರ್ಚಿಯೂ ಹೋದಂತೆಯೇ.

"ಈ ಹಟಕ್ಕೆಲ್ಲ ಆ ಕಾರ್ಟೂನೇ ಕಾರಣ. ಇವತ್ತಿಂದ ಆ ಹೊಡೆದಾಟ ಬಂದ್" ಎಂದು ಘೋಷಿಸಿದೆ.

"ನೋಡದೇ ಬಯ್ಯೋದು ಅನ್ಯಾಯ ಕಣೇ. ನೋಡಿ, ಆಮೇಲೆ ಎಷ್ಟು ಬೇಕೋ ಅಷ್ಟು ಬಯ್ಯಿ" ಎಂದರು ಇವರು.

ಸರಿ, ಮಧ್ಯಾಹ್ನ ಬಟ್ಟೆ ಮಡಿಸುತ್ತಾ, ತಪ್ಪು ಹುಡುಕುವ ಪವಿತ್ರ ಉದ್ದೇಶದಿಂದಲೇ ನೋಡಲು ಕೂತೆ. ತಪ್ಪಿಗೇನು ಬರವೇ! ಸಂಜೆ ಇವರು ಶೂ ಬಿಚ್ಚುವ ಮುನ್ನವೇ ಶುರುಮಾಡಿದೆ.

"ಅಲ್ರೀ, ನಿಮ್ಮ ಹೀರೋ ಒಂದು ಏಟು ಹೊಡೆಯೋ ಅಷ್ಟರಲ್ಲಿ ನಾನು ಇಡೀ ಬುಟ್ಟಿ ಬಟ್ಟೆ ಮಡಿಸಿದೆ. ಕೋಣೆಯಲ್ಲಿ ಒಂದು ಎಳೆ ಗಾಳಿ ಇಲ್ಲ, ಅವನ ಸೊಂಟದ ಪಟ್ಟಿ ಮಾತ್ರ ಪಟಪಟ ಹಾರುತ್ತೆ!"

"ಅದು ಒಳಗಿನ ಗಾಳಿ."

"ವಾಯು ಅನ್ನಿ. ಹೋಗಲಿ, ಸತ್ತವರೆಲ್ಲ ಎದ್ದು ಬರ್ತಾರಲ್ಲ, ಯಮಲೋಕ ಅಂದ್ರೇನು ಬಸ್‌ಸ್ಟಾಂಡೇ? ಅವನ ಹೆಂಡತಿ ಒಬ್ಬಳೇ ಮನೇಲಿ ಕೂಸು ನೋಡ್ಕೊಂಡಿರ್ತಾಳೆ, ಇವನು ವರ್ಷಗಟ್ಟಲೆ ಬೆಟ್ಟದ ಮೇಲೆ ಅಭ್ಯಾಸ. ಲೋಕ ಉಳಿಸ್ತಾನಂತೆ! ಮನೆಗೆ ಒಂದು ಕಟ್ಟು ಸೊಪ್ಪು ತಂದದ್ದು ನೋಡ್ಲಿಲ್ಲ."

ಇವರು ಕೈಲಿದ್ದ ಸೊಪ್ಪಿನ ಚೀಲವನ್ನು ಮೇಜಿನ ಮೇಲಿಟ್ಟರು. ನಾನು ಅದನ್ನು ನೋಡದಂತೆ ಮುಂದುವರಿಸಿದೆ.

"ಎಲ್ಲಕ್ಕಿಂತ ಹೆಚ್ಚಾಗಿ ಆ ಖಳನಾಯಕ. ಎದುರಿನವನು ಕಣ್ಣು ಮುಚ್ಚಿ ಕೂಗ್ತಾ ನಿಂತಿದಾನೆ. ಆಗಲೇ ಒಂದು ಗುದ್ದೋದು ಬಿಟ್ಟು, ಕೈಕಟ್ಕೊಂಡು ಕಾಯ್ತಾನಲ್ಲ, ಯಾಕ್ರೀ?"

ಇವರು ತಲೆ ಕೆರೆದುಕೊಂಡರು. "ಅದು ಮಾತ್ರ ನಂಗೂ ಇವತ್ತಿನವರೆಗೆ ಗೊತ್ತಾಗಿಲ್ಲ."

ಜಯ ನನ್ನದೇ. ಆದರೂ ಮರುದಿನ ಮಧ್ಯಾಹ್ನ, ಮಡಿಸಲು ಬಟ್ಟೆಯೇ ಇಲ್ಲದಿದ್ದರೂ, ಮತ್ತೆ ನೋಡಲು ಕೂತೆ. (ಶುದ್ಧ ಸಂಶೋಧನೆಗಾಗಿ.) ಆ ಹೀರೋ ಸೋಲುತ್ತಾನೆ, ಮಣ್ಣು ಮುಕ್ಕುತ್ತಾನೆ, ಎದ್ದು ನಗುತ್ತಾನೆ. ತನ್ನನ್ನು ಬಡಿದವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡುತ್ತಾನೆ. ಅಷ್ಟು ದೊಡ್ಡ ದೇಹದಲ್ಲಿ ಒಂದಿಷ್ಟೂ ನಂಜಿಲ್ಲ. ಮುಂದಿನ ಕಂತನ್ನೂ ಹಾಕಿದೆ.

"ಇವನ್ಯಾಕೆ ಪುಟ್ಟಾ ಇಷ್ಟು ಹೊತ್ತು ಕೂಗ್ತಾನೆ?" ಎಂದು ತೊಡೆಯ ಮೇಲಿದ್ದ ಪಟಾಕಿಯನ್ನು ಕೇಳಿದೆ.

"ಅವನಿಗೆ ಭಯ ಅಮ್ಮಾ" ಎಂದಳು, ಅಷ್ಟೂ ಗೊತ್ತಿಲ್ಲವೇ ಎಂಬಂತೆ. "ಭಯ ಎಲ್ಲ ಆಚೆ ಬರಬೇಕಲ್ಲ. ಆಮೇಲೆ ಹೋಗ್ತಾನೆ."

ಕಾಲುಚೀಲದಲ್ಲಿ ಏನಿತ್ತು ಎಂಬುದು ನನಗೆ ಆಗ ತಿಳಿಯಿತು. ಕಾಲುಚೀಲ ಹಾಕಿದರೆ ಶೂ, ಶೂ ಹಾಕಿದರೆ ರಸ್ತೆ, ರಸ್ತೆಯ ಕೊನೆಗೆ ಆ ಗೇಟು.

ಅಂದೇ ತಾಯಿ-ಮಗಳ ನಡುವೆ ಒಪ್ಪಂದವಾಯಿತು. ಕಾರ್ಟೂನ್ ಬಂದ್ ಇಲ್ಲ. ಆದರೆ ಹಲ್ಲುಜ್ಜಲು, ಕಾಲುಚೀಲಕ್ಕೆ, ಹಾಲು ಕುಡಿಯಲು ಶಕ್ತಿ ಖರ್ಚು ಮಾಡುವಂತಿಲ್ಲ. ಎಲ್ಲವನ್ನೂ ಸೋಮವಾರ ಗೇಟಿಗೆಂದು ಉಳಿಸಿಡಬೇಕು. ಆಮೇಲೆ ಮನೆಯಲ್ಲಿ ಎಂಥ ನಿಶ್ಶಬ್ದ! ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಸೋಮವಾರ ಬಂತು. ನನ್ನದು ಇಸ್ತ್ರಿ ಮಾಡಿದ ಚೂಡಿದಾರ, ಹೊಸ ದುಪಟ್ಟಾ. ಇವರು ಸ್ಕೂಟರ್ ನಿಲ್ಲಿಸಿದರು. ಪಟಾಕಿ ಗೇಟಿನ ಮುಂದೆ ಕಾಲು ಅಗಲಿಸಿ ನಿಂತಳು. ಅವಳು ಕೂಗಿದ ಕೂಗಿಗೆ ಮರದ ಮೇಲಿನ ಕಾಗೆಗಳು ಎದ್ದವು. ಕಾವಲುಗಾರ ತನ್ನ ಟೋಪಿ ಹಿಡಿದುಕೊಂಡ. ಆಮೇಲೆ ಅವಳು ಬೆನ್ನಿನ ಚೀಲ ಸರಿಮಾಡಿಕೊಂಡು, ತಿರುಗಿಯೂ ನೋಡದೆ, ದಡದಡನೆ ಒಳಗೆ ನಡೆದುಬಿಟ್ಟಳು.

ನಾನು ಗೆದ್ದೆ. ಅಂಗಡಿಗೆ ಹೊರಡಬೇಕು. ಆದರೆ ಕಾಲು ಏಳಲಿಲ್ಲ. ಗೇಟಿನ ಸರಳು ಹಿಡಿದ ಕೈ ಬಿಡಲಿಲ್ಲ. ಕಣ್ಣು ಪರೀಕ್ಷೆ ಮಾಡಬೇಕಾದವಳ ಕಣ್ಣಿಗೇ ಏನೂ ಕಾಣದಂತಾಯಿತು.

"ಏಯ್, ಹೊತ್ತಾಯ್ತು ಕಣೇ" ಎಂದರು ಇವರು.

"ಇರ್ರೀ" ಎಂದೆ. ಮೂಗು ಸೊರಸೊರ ಎಂದಿತು.

ಒಳಗಿನಿಂದ ಪಟಪಟ ಹೆಜ್ಜೆ ಸದ್ದು. ಪಟಾಕಿ ಗೇಟಿನ ಆಚೆ ಬಂದು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಅಮ್ಮಾ, ನೀನು ಶಕ್ತಿ ಉಳಿಸಿಟ್ಕೊಂಡಿಲ್ವಾ?"

"ಇಲ್ಲ ಪುಟ್ಟಾ."

"ಹಂಗಾದ್ರೆ ಈಗ ತಗೋ. ಕಾಲು ಅಗಲ ಮಾಡು."

ಸುತ್ತ ನೋಡಿದೆ. ಮಕ್ಕಳನ್ನು ಬಿಡಲು ಬಂದ ತಾಯಂದಿರು ನಿಂತಿದ್ದರು, ಕಾವಲುಗಾರ ನಿಂತಿದ್ದ, ಗೇಟಿಗೆ ಬೀಗ ಹಾಕಬೇಕಿದ್ದ ಹೆಡ್‌ಮಿಸ್ ಕೈಕಟ್ಟಿಕೊಂಡು ನಿಂತಿದ್ದರು. ಯಾರೂ ಅವಸರ ಮಾಡಲಿಲ್ಲ. ಎಲ್ಲರೂ ಆ ಖಳನಾಯಕನಂತೆಯೇ ಸಭ್ಯರಾಗಿ ಕಾಯುತ್ತಿದ್ದರು. ಅವನು ಯಾಕೆ ಕಾಯುತ್ತಾನೆಂದು ಆಗ ನನಗೆ ಗೊತ್ತಾಯಿತು. ಅವನೂ ಯಾವತ್ತೋ ಒಂದು ಗೇಟಿನ ಮುಂದೆ ನಿಂತಿದ್ದಿರಬೇಕು.

ಕಾಲು ಅಗಲಿಸಿದೆ. ಮುಷ್ಟಿ ಬಿಗಿದೆ. ಕಣ್ಣು ಮುಚ್ಚಿ, ಆ ರಸ್ತೆಯೇ ಬೆಚ್ಚುವಂತೆ ಕೂಗಿದೆ.

ಕಣ್ಣು ಬಿಟ್ಟಾಗ ನಮ್ಮವರು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು, ತಮಗೂ ನನಗೂ ಸಂಬಂಧವೇ ಇಲ್ಲದಂತೆ ಆಕಾಶ ನೋಡುತ್ತಿದ್ದರು. ಪಟಾಕಿ ಮಾತ್ರ ಗುರುಗಳ ಗಾಂಭೀರ್ಯದಿಂದ ತಲೆ ಅಲ್ಲಾಡಿಸಿದಳು.

"ದುಪಟ್ಟಾ ಹಾರಲಿಲ್ಲ ಅಮ್ಮಾ. ಇನ್ನೊಂದ್ಸಲ!"