ಐದು ವಿಶ್ವವಿದ್ಯಾಲಯಗಳಿಗೆ ನಾನು ಕೊಟ್ಟ ಮಾತು

ಕೊಪ್ಪದ ಬಾಳಗಡಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ರೇಷನ್ ಕಾರ್ಡಿನಿಂದ ಪಾಸ್‌ಪೋರ್ಟಿನವರೆಗೆ ಊರಿನ ಅರ್ಧ ಜನರ ಅರ್ಜಿ ತುಂಬಿದವಳು ನಾನೇ. ಆದ್ದರಿಂದ ಡಿಗ್ರಿ ಮುಗಿಸಿ ಇಪ್ಪತ್ತು ವರ್ಷದ ಮೇಲೆ ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡುವ ಆಸೆ ಹುಟ್ಟಿದಾಗ, ಅರ್ಜಿ ನನಗೆ ಒಂದು ಲೆಕ್ಕವೇ ಅಲ್ಲ ಅಂದುಕೊಂಡೆ.

ದೇಶದಲ್ಲೇ ಭಾರೀ ಹೆಸರಿನ ಐದು ವಿಶ್ವವಿದ್ಯಾಲಯಗಳನ್ನು ಆರಿಸಿದೆ.

"ಒಂದಕ್ಕೆ ಹಾಕಿದ್ರೆ ಸಾಕಾಗ್ತಿರ್ಲಿಲ್ವ?" ಅಂದರು ಬಸರೀಕಟ್ಟೆಗೆ ಜೀಪು ಓಡಿಸುವ ನಮ್ಮ ಯಜಮಾನರು.

"ನಿಮಗೆ ಗೊತ್ತಾಗಲ್ಲ, ಸುಮ್ನಿರಿ" ಅಂದೆ.

'ನಮ್ಮಲ್ಲೇ ಯಾಕೆ ಓದಬೇಕು?' ಎಂದು ಐದೂ ಕಡೆಯವರು ಪತ್ರ ಕೇಳಿದ್ದರು. 'ಚಿಕ್ಕಂದಿನಿಂದ ನಾನು ಕನಸು ಕಂಡಿದ್ದು ನಿಮ್ಮ ವಿಶ್ವವಿದ್ಯಾಲಯ ಒಂದನ್ನೇ' ಎಂದು ಒಂದು ಪತ್ರ ಬರೆದು, ಹೆಸರಷ್ಟೇ ಬದಲಿಸಿ ಐದು ಮಾಡಿದೆ. 'ಫೈನಲ್', 'ಹೊಸ ಫೈನಲ್', 'ನಿಜವಾದ ಫೈನಲ್' ಅಂತೆಲ್ಲ ಫೈಲುಗಳಿಗೆ ಹೆಸರಿಟ್ಟು ಒಂದೇ ಮಧ್ಯಾಹ್ನದಲ್ಲಿ ಕಳಿಸಿಬಿಟ್ಟೆ.

ಗುರುಗಳೊಬ್ಬರ ಶಿಫಾರಸೂ ಬೇಕಿತ್ತು. ಹರಿಹರಪುರದಲ್ಲಿರುವ ನಮ್ಮ ಕಾಲೇಜಿನ ಹಳೆ ಮೇಷ್ಟ್ರ ಇಮೇಲ್ ಕೊಟ್ಟೆ. ಶಿಫಾರಸು ತುಂಬುವ ಲಿಂಕನ್ನು ವಿಶ್ವವಿದ್ಯಾಲಯಗಳೇ ನೇರ ಅವರಿಗೆ ಕಳಿಸುತ್ತವೆ. ಅವರಿಗೊಂದು ಮಾತು ಹೇಳುವುದು ಮಾತ್ರ ಮರೆತೆ.

ಮರುದಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮೇಷ್ಟ್ರ ಪ್ರಕಟಣೆ ಬಂತು: 'ಸುಜಾತಾಳ ಹೆಸರಿನಲ್ಲಿ ಮೋಸಗಾರರು ಐದು ಲಿಂಕ್ ಕಳಿಸಿದ್ದಾರೆ. ಯಾರೂ ಒತ್ತಬಾರದು.'

ಆ ಸುಜಾತಾ ನಾನೇ. ಶೃಂಗೇರಿಯಿಂದ, ನರಸಿಂಹರಾಜಪುರದಿಂದ ಹಳೆ ಸಹಪಾಠಿಗಳ ಸಮಾಧಾನದ ಫೋನುಗಳು ಬಂದವು. ಮೇಷ್ಟ್ರಿಗೆ ನಾನೇ ಫೋನ್ ಮಾಡಿದರೆ, ಮೋಸಗಾರರೇ ಮಾಡಿದ್ದಾರೆಂದು ಇಟ್ಟುಬಿಟ್ಟರು. ಕೊನೆಗೆ ಜೀಪಿನಲ್ಲಿ ಅವರ ಮನೆಗೇ ಹೋಗಿ ಮುಖ ತೋರಿಸಬೇಕಾಯಿತು.

"ಓ, ನೀನೇಯಾ? ಅಷ್ಟು ದೊಡ್ಡವರು ನನ್ನ ಅಭಿಪ್ರಾಯ ಕೇಳ್ತಾರೆ ಅಂದ್ರೆ ನಾನು ಹ್ಯಾಗೆ ನಂಬ್ಲಿ?" ಎಂದು ಕನ್ನಡಕ ಏರಿಸಿ ಶಿಫಾರಸು ತುಂಬಲು ಕೂತರು. 'ಅಭ್ಯರ್ಥಿಯ ದೌರ್ಬಲ್ಯ' ಎಂಬಲ್ಲಿಗೆ ಬಂದಾಗ ಗಟ್ಟಿಯಾಗಿ ಓದುತ್ತ ಬರೆದರು: "ಬುದ್ಧಿವಂತೆ. ಆದರೆ ಬರೆದದ್ದನ್ನು ತಿರುಗಿ ನೋಡುವ ಅಭ್ಯಾಸವಿಲ್ಲ."

"ಈಗ ಹಾಗಿಲ್ಲ ಸಾರ್" ಎಂದು ನಕ್ಕು, ಅದನ್ನು ಸಾಬೀತುಪಡಿಸಲು ಮೊಬೈಲಿನಲ್ಲಿ ಅರ್ಜಿ ತೆರೆದೆ. ದೆಹಲಿಯವರಿಗೆ ಹೈದರಾಬಾದಿನ ಕನಸು ಹೋಗಿತ್ತು. ಹೈದರಾಬಾದಿನವರಿಗೆ ಕೋಲ್ಕತ್ತದ್ದು. ಐದಕ್ಕೆ ಐದೂ ಅದಲುಬದಲು.

ನಾನು ನಗು ನಿಲ್ಲಿಸಿದ್ದನ್ನು ಮೇಷ್ಟ್ರು ಗಮನಿಸಿದರು. ಬರೆದದ್ದನ್ನು ಅಳಿಸಲಿಲ್ಲ.

ಮನೆಗೆ ಬಂದವಳೇ ಕ್ಷಮೆ ಕೇಳಿ ವಿನಯದ ಇಮೇಲ್ ಬರೆದೆ. ಅವಸರದಲ್ಲಿ ಐವರ ವಿಳಾಸವನ್ನೂ ಒಂದೇ ಸಾಲಿನಲ್ಲಿ ಹಾಕಿ, ಐದು ಸರಿಯಾದ ಪತ್ರಗಳನ್ನೂ ಅದಕ್ಕೇ ಲಗತ್ತಿಸಿ ಕಳಿಸಿದೆ. ನನ್ನ ಏಕೈಕ ಕನಸುಗಳು ಐದಿವೆ ಎಂದು ಈಗ ಐವರಿಗೂ ಅಧಿಕೃತವಾಗಿ ತಿಳಿಯಿತು.

ಯಜಮಾನರು ಇಮೇಲ್ ಓದಿ, "ಐದು ಕಡೆ ಹೆಣ್ಣು ನೋಡಿ, ಐವರನ್ನೂ ಒಂದೇ ಜೀಪಲ್ಲಿ ಕೂರಿಸಿದ ಹಾಗಾಯ್ತಲ್ಲ ಮಾರಾಯ್ತಿ" ಅಂದರು.

ನಾಲ್ವರು ಉತ್ತರಿಸಲಿಲ್ಲ. ಹೈದರಾಬಾದಿನವರು ವಿಡಿಯೋದಲ್ಲಿ ಸಂದರ್ಶನ ಮಾಡಿದರು. "ಐದರಲ್ಲಿ ನಿಜವಾದ ಕನಸು ಯಾವುದು?" ಎಂದು ಪ್ರೊಫೆಸರ್ ಒಬ್ಬರು ಕೇಳಿದರು.

"ಓದಬೇಕು ಅನ್ನೋದು ನಿಜ ಮೇಡಂ. ಯಾರು ಕರೀತಾರೋ ಅಲ್ಲಿಗೆ" ಅಂದೆ. ಅವರು ತುಂಬಾ ಹೊತ್ತು ನಕ್ಕರು.

ವಾರದ ನಂತರ ಪತ್ರ ಬಂತು. 'ಸಂತೋಷದಿಂದ ತಿಳಿಸುತ್ತೇವೆ' ಎಂಬಲ್ಲಿಗೇ ಓದು ನಿಲ್ಲಿಸಿ, ಮೈಸೂರುಪಾಕ್ ತಂದು ಬೀದಿಗೆಲ್ಲ ಹಂಚಿದೆ. ಸಂಜೆ ಯಜಮಾನರು ಪೂರ್ತಿ ಓದಿದರು. ಕಾಯುವ ಪಟ್ಟಿಯಲ್ಲಿ ನನ್ನದು ನಾಲ್ಕನೇ ಹೆಸರಂತೆ. ತಿಂದದ್ದನ್ನು ವಾಪಸ್ ಕೇಳುವ ಹಾಗಿರಲಿಲ್ಲ. ಹನ್ನೆರಡು ದಿನ ತಲೆ ತಗ್ಗಿಸಿಯೇ ಅಂಗಡಿಗೆ ಹೋಗಿ ಬಂದೆ.

ಹದಿಮೂರನೆಯ ದಿನ ನಿಜವಾಗಿಯೂ ಸೀಟು ಸಿಕ್ಕಿತು. ಕಣ್ಣು ತುಂಬಿಕೊಂಡೇ ಮತ್ತೆ ಮೈಸೂರುಪಾಕ್ ಹಿಡಿದು ಹೊರಟೆ. ಪಕ್ಕದ ಬಳೆ ಅಂಗಡಿಯ ಫಾತಿಮಕ್ಕ ನನ್ನನ್ನು ತಬ್ಬಿಕೊಂಡರು. ಆಮೇಲೆ ಕೈಚಾಚಿ, "ಮೊದ್ಲು ಪತ್ರ ಕೊಡು" ಅಂದರು. ಕೊನೆಯ ಸಾಲಿನವರೆಗೆ ನನ್ನಿಂದಲೇ ಓದಿಸಿ, ಸಹಿಯನ್ನೂ ನೋಡಿ, ಆಮೇಲೆಯೇ ಬಾಯಿಗೆ ಹಾಕಿಕೊಂಡರು.