ಪಂಪ್‌ಸೆಟ್ ದೀಪ

ಭೂತಪ್ಪನವರ ಬಿಳಿ ಕಾರಿನಲ್ಲಿ, ಸ್ಪೀಡು ತೋರಿಸುವ ಮುಳ್ಳಿನ ಕೆಳಗೆ, ಒಂದು ಹಳದಿ ದೀಪವಿತ್ತು. ಆ ವರ್ಷದ ಆಯುಧಪೂಜೆ ಕಳೆದ ಮೇಲೆ ಹತ್ತಿಕೊಂಡದ್ದು ಆರಲೇ ಇಲ್ಲ. ದೀಪದೊಳಗೆ ಒಂದು ಚಿತ್ರ. ಕಂಪನಿಯವರು ಇಂಜಿನ್ ಎಂದುಕೊಂಡೇ ಬರೆದಿದ್ದರೇನೋ. ಆದರೆ ಹೊಸಮನೆ ಬಡಾವಣೆಯ ಆ ಬೀದಿಯವರೆಲ್ಲ ಹಳ್ಳಿ ಬಿಟ್ಟು ಪೇಟೆ ಸೇರಿದವರು. ಅವರ ಕಣ್ಣಿಗೆ ಅದು ತೋಟದ ಪಂಪ್‌ಸೆಟ್ಟಾಗಿಯೇ ಕಂಡಿತು.

ದೀಪದ ಜೊತೆಗೇ ಕಾರಿನ ಸ್ವಭಾವವೂ ಕೆಟ್ಟಿತು. ಓಡುವಾಗ ಹೇಗೋ ಓಡುತ್ತಿತ್ತು. ದನ ಅಡ್ಡ ಬಂದು ಒಂದು ಕ್ಷಣ ನಿಂತರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ, ಒಮ್ಮೆ ಬಿಕ್ಕಿ, ಆಫ್ ಆಗುತ್ತಿತ್ತು. ಹಾಗೆ ಗಾಂಧಿ ಬಜಾರಿನ ನಟ್ಟನಡುವೆ ನಿಂತಾಗ ಹೆಂಡತಿ ದಾಕ್ಷಾಯಣಿ ರೇಷ್ಮೆ ಸೀರೆಯಲ್ಲೇ ಇಳಿದು ತಳ್ಳಿದ್ದರು. ಅಂದಿನಿಂದ ಮನೆಯಲ್ಲಿ ಕಾರಿನ ಮಾತೆತ್ತುವುದೇ ಕಷ್ಟವಾಗಿತ್ತು. ಸೊಸೈಟಿಯ ಗುಮಾಸ್ತರಾದ ಭೂತಪ್ಪನವರಿಗೆ ಮಾತ್ರ ಅದೆಂದರೆ ಜೀವ. ಡಾಕ್ಟರೊಬ್ಬರು ಓಡಿಸಿ ಬಿಟ್ಟದ್ದಾದರೇನು, ಅವರ ವಂಶದಲ್ಲಿ ಎತ್ತು ಕಟ್ಟದೆ ಓಡಿದ ಮೊದಲ ಗಾಡಿ ಅದು.

ಆ ಭಾನುವಾರ ಭದ್ರಾವತಿಯಲ್ಲಿ ದಾಕ್ಷಾಯಣಿಯ ಅಕ್ಕ ಜಯಶೀಲಾಳ ಹೊಸ ಮನೆಯ ಗೃಹಪ್ರವೇಶ.

"ಬಸ್ಸಿಗೆ ಹೋಗಣ ಅಂದ್ರೆ ನೀವು ಕೇಳಲ್ಲ," ಎಂದರು ದಾಕ್ಷಾಯಣಿ, ಜಡೆಗೆ ಹೂ ಮುಡಿಯುತ್ತಾ. "ಇವತ್ತೇನಾದ್ರೂ ಅಕ್ಕನ ಬಾಗಿಲಿಗೆ ಇದನ್ನ ತಳ್ಕೊಂಡು ಹೋಗೋ ಹಂಗಾದ್ರೆ, ನಾಳೆ ಬೆಳಿಗ್ಗೆ ಗುಜರಿಗೆ. ನಾನೇ ಗುಜರಿಯೋನನ್ನ ಕರೀತೀನಿ."

"ತಳ್ಳೋ ಪ್ರಶ್ನೇನೇ ಇಲ್ಲ ಮಾರಾಯ್ತಿ," ಎಂದು ಭೂತಪ್ಪನವರು ಬಾನೆಟ್ ಎತ್ತಿದರು.

ಆ ಬೀದಿಯಲ್ಲಿ ಬಾನೆಟ್ ಎತ್ತುವುದೆಂದರೆ ಊಟಕ್ಕೆ ಎಲೆ ಹಾಕಿದ ಹಾಗೆ. ಕರೆಯದೆಯೇ ಜನ ಬಂದರು. ಮೊದಲು ಬಂದವರು ಎದುರು ಮನೆಯ ಮಂಜಪ್ಪ, ರಿಟೈರಾದ ಲಾರಿ ಡ್ರೈವರು.

"ಪ್ಲಗ್ಗು ಸ್ವಾಮಿ, ಪ್ಲಗ್ಗು! ಮೂವತ್ತು ವರ್ಷ ಲಾರಿ ಓಡಿಸಿದೀನಿ, ನಂಗೊತ್ತಿಲ್ವ?" ಎಂದು ಪ್ಲಗ್ಗುಗಳನ್ನು ಬಿಚ್ಚಿ, ಲುಂಗಿಯ ತುದಿಯಿಂದ ಉಜ್ಜಿ, ತಿರುಗಿ ಹಾಕಿದರು. ಮೂವತ್ತು ವರ್ಷ ಅವರು ಓಡಿಸಿದ್ದು ಪ್ಲಗ್ಗೇ ಇಲ್ಲದ ಡೀಸೆಲ್ ಲಾರಿ ಎಂಬುದು ಭೂತಪ್ಪನವರಿಗೆ ಹೊಳೆದದ್ದು ಆಮೇಲೆ. ಕಾರು ಮೊದಲಿಗಿಂತ ಚೆನ್ನಾಗಿ ನಡುಗಿತು.

ಪಕ್ಕದ ಮನೆಯ ವಿಮಲಮ್ಮ ಕಾರಿನ ಕಿಟಕಿಯಿಂದ ತಲೆ ತೂರಿಸಿ ದೀಪವನ್ನು ಪರೀಕ್ಷೆ ಮಾಡಿದರು. "ಅಲ್ರೀ ಭೂತಪ್ಪನವ್ರೆ, ಪಂಪ್‌ಸೆಟ್ ಚಿತ್ರ ಬಂದಿದೆ ಅಂದ್ರೆ ನೀರಿಲ್ಲ ಅಂತ ತಾನೆ? ನಮ್ಮೂರಲ್ಲಿ ಬಾವಿ ಬತ್ತಿದಾಗ್ಲೂ ಮೋಟ್ರು ಹಿಂಗೇ ನಡುಗ್ತಿತ್ತು."

ಬೇಡವೆನ್ನುವಷ್ಟರಲ್ಲಿ ಕಣ್ಣಿಗೆ ಬಿದ್ದ ಮೊದಲ ಮುಚ್ಚಳ ತೆಗೆದು ಒಂದು ಕೊಡ ನೀರು ಸುರಿದೇಬಿಟ್ಟರು. ಪುಣ್ಯಕ್ಕೆ ಅದು ಗಾಜು ತೊಳೆಯುವ ನೀರಿನ ಡಬ್ಬಿ. ಉಳಿದ ನೀರು ಮಂಜಪ್ಪನವರ ಕಾಲು ತೊಳೆಯಿತು.

ಕಾರು ಹೇಗೋ ಹೊರಟಿತು. ದಾಕ್ಷಾಯಣಿಯ ಮಡಿಲಲ್ಲಿ ಒಂದು ಸ್ಟೀಲಿನ ಡಬ್ಬಿ. ಅಕ್ಕನ ಹೊಸ ಬಾಗಿಲಿಗೆ ಕಟ್ಟಲೆಂದು ಮನೆದೇವರ ಗುಡಿಯಿಂದ ತಂದ ಮಂತ್ರಿಸಿದ ದಾರ ಅದರೊಳಗೆ ಕರ್ಪೂರದ ವಾಸನೆ ಬೀರುತ್ತಾ ಕೂತಿತ್ತು. ಭೂತಪ್ಪನವರು ದಾರಿಯುದ್ದಕ್ಕೂ ಎಲ್ಲಿಯೂ ನಿಲ್ಲಿಸಲಿಲ್ಲ. ರೋಡ್ ಹಂಪಿನಲ್ಲೂ ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಆದರೆ ಭದ್ರಾವತಿಯಲ್ಲಿ ಹೊಳೆಯ ಸೇತುವೆ ದಾಟಿದ್ದೇ ಒಂದು ಕುರಿಮಂದೆ ಎದುರಾಯಿತು. ಕುರಿಗಳಿಗೆ ಅವಸರವಿರಲಿಲ್ಲ. ಕಾರು ನಡುಗಿತು, ಬಿಕ್ಕಿತು, ಸುಮ್ಮನಾಯಿತು.

ದಾಕ್ಷಾಯಣಿ ಬೈಯಲಿಲ್ಲ. ಭೂತಪ್ಪನವರಿಗೆ ಭಯವಾದದ್ದೇ ಅದಕ್ಕೆ. ಡಬ್ಬಿ ಹಿಡಿದು ಇಳಿದರು, ಆಟೋ ಕರೆದರು. "ಊಟದ ಕೊನೇ ಪಂಕ್ತಿ ಏಳೋದ್ರೊಳಗೆ ಇದು ತನ್ನ ಕಾಲ ಮೇಲೆ ಅಕ್ಕನ ಮನೆಗೆ ಬಂದ್ರೆ ಉಳೀತು. ಇಲ್ಲಾಂದ್ರೆ ಮಾತೇ ಇಲ್ಲ," ಎಂದು ಹೊರಟೇ ಹೋದರು.

ಎದುರಿಗೇ ಒಂದು ಗ್ಯಾರೇಜಿತ್ತು. ಮೆಕ್ಯಾನಿಕ್ ಮಲ್ಲಿಕ್ ದೀಪ ನೋಡಿ ಹಿಗ್ಗಿದ. "ಸಾರ್, ಈ ಗಾಡಿ ಬಾಯಿಬಿಟ್ಟು ಕಾಯಿಲೆ ಹೇಳತ್ತೆ. ನಾವು ಎಣಿಸ್ಬೇಕು, ಅಷ್ಟೆ."

ಅವನು ಒಂದು ತುಂಡು ವೈರಿನಿಂದ ಎರಡು ಪಿನ್ನುಗಳನ್ನು ಜೋಡಿಸಿದ. ಪಂಪ್‌ಸೆಟ್ ದೀಪ ಕಣ್ಣು ಮಿಟುಕಿಸತೊಡಗಿತು. ಇಷ್ಟು ಸಲ ಮಿಟುಕಿಸಿದರೆ ಇಂಥ ರೋಗ ಎಂದು ಲೆಕ್ಕ. ತಡೆಯುವ ಮೊದಲಿನವು ಹತ್ತುಗಳು, ಆಮೇಲಿನವು ಬಿಡಿಗಳು. ಚಹಾ ಅಂಗಡಿಯ ಆರುಮುಗಂ, ಇಬ್ಬರು ಆಟೋದವರು, ಕುರಿ ಕಾಯುವವನು ಎಲ್ಲರೂ ಕಿಟಕಿಗೆ ಮುತ್ತಿದರು.

"ಒಣ್ಣು, ರೆಂಡು, ಮೂಣು..." ಆರುಮುಗಂ ತಮಿಳಿನಲ್ಲಿ ಎಣಿಸಿದ. ದೀಪ ತುಸು ತಡೆದು ಇನ್ನೊಂದು ಸಲ ಮಿಟುಕಿತು. "ಮೂವತ್ತೊಂದು!"

"ಎಲ್ಲಿಂದ ಬಂತಪ್ಪ? ಮೊದ್ಲು ಒಂದು, ಆಮೇಲೆ ಮೂರು. ಹದಿಮೂರು!" ಎಂದ ನಡುವೆ ತಲೆ ತೂರಿಸಿದ ಒಬ್ಬ ಆಟೋದವನು.

"ನೀನು ಬೀಡಿ ಹಚ್ತಿದ್ದೆ, ಮುಚ್ಚೋ," ಎಂದ ಆರುಮುಗಂ.

ಮಲ್ಲಿಕ್ ನ್ಯಾಯಾಧೀಶನ ಹಾಗೆ ಕೈ ಎತ್ತಿದ. "ಗಲಾಟೆ ಬೇಡ. ಮೂವತ್ತೊಂದು ಅನ್ನೋರು ಕೈ ಎತ್ತಿ." ಮೂರು ಕೈ ಎದ್ದವು. ಹದಿಮೂರಕ್ಕೆ ಎರಡು. ಕುರಿಯವನು ಎರಡೂ ಸಲ ಎತ್ತಿದ. "ಮೂವತ್ತೊಂದೇ ಪಾಸು. ಅಂದ್ರೆ ಇಂಜಿನ್ ಹಿಂದಿರೋ ಗಾಳಿ ಅಳೆಯೋ ಸೆನ್ಸರು ಹೋಗಿದೆ ಸಾರ್. ಬೆಂಗಳೂರಿಂದ ಬರ್ಬೇಕು, ನಾಲ್ಕು ದಿನ ಆಗತ್ತೆ. ಫೋನ್ ಮಾಡಿ ಬರ್ತೀನಿ," ಎಂದು ಎಸ್‌ಟಿಡಿ ಬೂತಿಗೆ ನಡೆದ.

ನಾಲ್ಕು ದಿನ! ಅಷ್ಟರಲ್ಲಿ ಕಾರು ಗುಜರಿಯವನ ತಕ್ಕಡಿಯ ಮೇಲಿರುತ್ತದೆ. ಸತ್ತದ್ದು ಯಾವ ಸೆನ್ಸರೋ, ಅದರ ಮುಖವನ್ನಾದರೂ ನೋಡೋಣವೆಂದು ಭೂತಪ್ಪನವರು ಇಂಜಿನ್ನಿನ ಹಿಂದಕ್ಕೆ ಬಗ್ಗಿದರು. ಸೆನ್ಸರಿನಿಂದ ಕಿರುಬೆರಳು ದಪ್ಪದ ಒಂದು ರಬ್ಬರ್ ಕೊಳವೆ ಇಳಿದಿತ್ತು. ಅದರ ಕುತ್ತಿಗೆಗೆ ಮಸಿ ಹಿಡಿದ ಹಳದಿ ದಾರವೊಂದು ಏಳು ಸುತ್ತು ಬಿಗಿದಿತ್ತು. ನಡುವೆ ಅರಿಶಿನದ ಕೊಂಬು. ಕೊಳವೆ ಉಸಿರು ಕಟ್ಟಿ ಚಪ್ಪಟೆಯಾಗಿತ್ತು.

ಗಂಟನ್ನು ಅವರು ಗುರುತು ಹಿಡಿದರು. ಮಲ್ಲಿಗೆ ಮಾಲೆಯ ಕೊನೆಗೆ ದಾಕ್ಷಾಯಣಿ ಹಾಕುವ ಗಂಟು.

ಸುತ್ತ ನೋಡಿದರು. ಉಳಿದವರೆಲ್ಲ ಇನ್ನೂ ಹದಿಮೂರರ ಜಗಳದಲ್ಲಿದ್ದರು. ಬೀಗದ ಕೈಯಿಂದ ದಾರ ಹರಿದು ಕೊಂಬಿನ ಸಮೇತ ಜುಬ್ಬದ ಜೇಬಿಗೆ ತುರುಕಿ ಕಾರು ಸ್ಟಾರ್ಟ್ ಮಾಡಿದರು. ದೀಪ ಆರಿತು. ಹಸು ಮೆಲುಕು ಹಾಕುವಂತೆ ಇಂಜಿನ್ ಸಣ್ಣಗೆ ಗುನುಗಿತು. ಓಡಿ ಬಂದ ಮಲ್ಲಿಕ್, "ನೋಡಿದ್ರಾ? ಎಣಿಸಿದ್ದಕ್ಕೇ ಹೆದರ್ಕೊಂಡು ದಾರಿಗೆ ಬಂತು!" ಎಂದು ಎಣಿಸಿದ ಕೂಲಿ ಇಸಿದುಕೊಂಡ.

ಕೊನೆಯ ಪಂಕ್ತಿಗೆ ಹೋಳಿಗೆ ಬರುವ ಹೊತ್ತಿಗೆ ಕಾರು ಜಯಶೀಲಾಳ ಬಾಗಿಲಲ್ಲಿ ನಿಂತಿತ್ತು, ನಡುಗದೆ. ದಾಕ್ಷಾಯಣಿಯ ಮುಖ ಅರಳಿತು. ಗಂಡನ ಎಲೆಗೆ ತುಪ್ಪ ಬಡಿಸುತ್ತಾ ಮೆಲ್ಲಗೆ ಹೇಳಿದರು: "ನಿಮಗೆ ಹೇಳಿರ್ಲಿಲ್ಲ. ಆಯುಧಪೂಜೆ ದಿನ ಇಂಜಿನ್ನಿಗೆ ಮನೆದೇವರ ದಾರ ಕಟ್ಟಿದ್ದೆ. ಬೈತೀನಿ ನಿಜ. ಆದ್ರೆ ನಿಮ್ಮ ಜೀವ ಅದ್ರ ಮೇಲಿದೆಯಲ್ಲ. ನೋಡಿ, ದೇವರು ಕೈ ಬಿಡಲಿಲ್ಲ."

ಜೇಬಿನಲ್ಲಿದ್ದ ದೇವರು ಭೂತಪ್ಪನವರ ತೊಡೆಗೆ ಚುಚ್ಚಿದ. "ಹೌದು ಹೌದು," ಎಂದು ಅವರು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಕಾರು ಉಳಿದಿತ್ತು, ಸತ್ಯ ಹೇಳಿ ಆಗಬೇಕಾದ್ದೇನೂ ಇರಲಿಲ್ಲ.

ಸಂಜೆ ಎಲೆ ಅಡಿಕೆ ಹಾಕಿಕೊಂಡು ಹೊರಟರು. ಕಾರು ಓಡುತ್ತಿದ್ದಂತೆ ದಾಕ್ಷಾಯಣಿ ಅಂದರು: "ಅಕ್ಕಂಗೆ ತೋರ್ಸಣ ಅಂತ ಬಾನೆಟ್ ಎತ್ತಿಸಿದ್ರೆ ದಾರಾನೇ ಇಲ್ಲ ರೀ! ಎಲ್ಲೋ ಉದುರಿ ಹೋಗಿದೆ."

"ಹೋಗ್ಲಿ ಬಿಡು. ಕೆಲಸ ಆಯ್ತಲ್ಲ."

"ಹಂಗಂದ್ರೆ ಹೆಂಗೆ? ಅಕ್ಕನ ಬಾಗಿಲಿಗೆ ತಂದಿದ್ದನ್ನೇ ಅದೇ ಕೊಳವೆಗೆ ಕಟ್ಟಿಸಿದೆ. ಈ ಸಲ ಬರೀ ದಾರ ನಂಬಲಿಲ್ಲ. ಮನೆ ಕಟ್ಟಿ ಮಿಕ್ಕಿದ ಕಬ್ಬಿಣದ ತಂತಿ ಬಿದ್ದಿತ್ತು, ಮೇಸ್ತ್ರಿ ಕೈಲಿ ಇಕ್ಕಳದಲ್ಲಿ ತಿರುಚಿಸಿದ್ದೀನಿ. ಇನ್ನು ಯಾವ ಜನ್ಮಕ್ಕೂ ಬಿಚ್ಚಲ್ಲ."

ಅಷ್ಟರಲ್ಲಿ ರೈಲ್ವೆ ಗೇಟು ಬಿತ್ತು. ಭೂತಪ್ಪನವರು ಬ್ರೇಕ್ ಒತ್ತಿದರು. ಪಂಪ್‌ಸೆಟ್ ಬೆಳಗಿತು. ಕಾರು ನಡುಗಿತು, ಬಿಕ್ಕಿತು, ಸುಮ್ಮನಾಯಿತು. ರೈಲು ಹೋಯಿತು, ಗೇಟು ಎದ್ದಿತು, ಹಿಂದೆ ಹಾರ್ನುಗಳೆದ್ದವು.

ದಾಕ್ಷಾಯಣಿ ದೀಪವನ್ನು ನೋಡಿದರು. "ದೇವರನ್ನ ತಂತೀಲಿ ಬಿಗಿದ ಮೇಲೂ ನಡುಗ್ತದೆ ಅಂದ್ರೆ, ಇನ್ನು ಇದರ ಹಣೇಲಿ ಬರೆದಿಲ್ಲ ರೀ. ನಾಳೆ ಗುಜರಿಯೋನು ಬರ್ತಾನೆ," ಎಂದರು, ಶಾಂತವಾಗಿ.

ಭೂತಪ್ಪನವರು ಜೇಬಿಗೆ ಕೈ ಹಾಕಿದರು. ಹರಿದ ದಾರ ಬೆರಳಿಗೆ ಸಿಕ್ಕಿತು. ತೋರಿಸಿದರೆ ಕಾರೇನೋ ಉಳಿಯುತ್ತಿತ್ತು. ತಾವು ಉಳಿಯುವುದು ಅನುಮಾನ. ಕೈ ಹೊರಗೆ ತೆಗೆದು, ಬಾಗಿಲು ತೆರೆದು, ಪಂಚೆ ಎತ್ತಿ ಕಟ್ಟಿ, ಅವರು ಕಾರು ತಳ್ಳತೊಡಗಿದರು.